ಮೊದಲ ಸಲ ತೊಗರಿ ಬಿತ್ತೋರಿಗಿ ಯಾವ ಬೀಜ ಸಸಾರ? ನಾಕು ನಮೂನಿ ಬಿತ್ತಿ ನೋಡೀನಿ

ಮೊದಲೇ ಹೇಳಿಬಿಡ್ತೀನಿ, ನಾ ಹುಟ್ಟಾ ರೈತರ ಮನಿಯಾಕಿ ಆದ್ರೂ ಹೊಲದ ಕೆಲಸ ಗೊತ್ತಿರ್ಲಿಲ್ಲ. ಸಾಲಿಯೊಳಗ ನಾಕನೇ ಐದನೇ ಕ್ಲಾಸಿಗಿ ಗಣಿತ ಕಲಿಸೋ ಅಕ್ಕೋರು ನಾನು. ಅಪ್ಪನ ಕಡಿಂದ ಆಳಂದ ತಾಲೂಕಿನ್ಯಾಗ ಮೂರು ಎಕರಿ ಎರಿ ಹೊಲ ಬಂದದ, ಹನ್ನೊಂದು ವರ್ಷ ಪಾಲಿಗಿ ಹಾಕಿದ್ವಿ, ಮಾಡ್ತಿದ್ದಂವ 2024ರ ಉಗಾದಿ ಮುಂದ ಹೆಂಡ್ತಿ ಮಕ್ಕಳ ಕರಕೊಂಡು ಪುಣಾಕ್ಕ ದುಡಿಲಿಕ್ಕ ಹೋಗಿಬಿಟ್ಟ, ಬ್ಯಾರೆ ಯಾರೂ ಪಾಲಿಗಿ ಬರ್ಲಿಲ್ಲ, ಹೊಲ ಬೀಳು ಬಿಡಬ್ಯಾಡ ಅಂತ ಅವ್ವ ದಿನಾ ಫೋನ್ ಮಾಡಿ ಅಳಲತ್ತಳು. ಹಂಗಾಗಿ ಐತವಾರ ಮತ್ತ ಸೂಟಿ ದಿನದ ಒಕ್ಕಲುತನ ಸುರು ಆಯ್ತು ನಂದು.

ನಮ್ಮ ಕಡಿ ಮುಂಗಾರಿಗಿ ತೊಗರಿ ಬಿಟ್ಟು ಬ್ಯಾರೆ ಏನ ಬಿತ್ತತಾರ. ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್ ಸುದ್ದಾ ಸಿಕ್ಕದ. ತೊಗರಿ ಅಂತ ಠರಾವ್ ಆಗೋದು ಸಸಾರ, ಯಾವ ತೊಗರಿ ಅಂತ ಕೇಳಿದ್ರ ಮಾತ್ರ ತಲಿ ತಿರಗ್ತದ. ಒಬ್ಬರು ಟಿಎಸ್-3ಆರ್ ಅಂದ್ರು, ಒಬ್ಬರು ಜಿಆರ್‌ಜಿ-811 ಅಂದ್ರು, ಬಾಜೂ ಹೊಲದ ಮಾಮಾ "ಅಕ್ಕೋರ, ಮಾರುತಿ ಬಿಟ್ಟು ಬ್ಯಾರೆದ್ದು ಮುಟ್ಟಬ್ಯಾಡ್ರಿ" ಅಂದ, ಅಂಗಡ್ಯಾಂವ ಚಕಚಕ ಹೊಳಿಯೋ ಪಾಕೀಟ ತೋರಿಸಿ ಎಕರಿಗಿ ಹನ್ನೆರಡು ಕ್ವಿಂಟಲ್ ಅಂದ. ಬೆಂಗಳೂರಿನ್ಯಾಗಿರೋ ತಮ್ಮಗ ಫೋನ್ ಹಚ್ಚಿ ಹೊಲದಾಗ ಗಿಡ ಬೆಳಸ್ಲತ್ತೀನಿ, ಮೊದಲ ಸಲದೋರಿಗಿ ಯಾವ ತಳಿ ಸಸಾರ ಅಂತ ನೆಟ್ಟಿನಾಗ ಹುಡುಕಿ ಹೇಳೋ ಅಂದ್ರ ಆ ಹುಡುಗ "ಯಾವ ಗಿಡ ಅಕ್ಕಾ, ನೆಟ್ಟಿನಾಗ ಹಂಗ ಕೇಳಿದ್ರ ಗಾಂಜಾದ್ದೇ ಬರ್ತದ" ಅಂತ ನಕ್ಕ. ಅದೇನು ನಗೋ ಮಾತಲ್ಲ, ತೊಗರಿ ಸಾಲಿನ ನಡುವ ಅದನ್ನ ಬೆಳಸಿ ಸಿಕ್ಕಿಬಿದ್ದೋರ ಸುದ್ದಿ ನಮ್ ಕಡಿ ಪೇಪರಿನ್ಯಾಗ ಬರ್ತಿರ್ತದ, 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಹತ್ತು ವರ್ಷದ ತನಕ ಜೇಲು. ನಂಗ ನನ್ನ ತೊಗರಿನೇ ಸಾಕಪ್ಪಾ.

ಹಿಂಗಾಗಿ ಏನ್ ಮಾಡ್ದೆ ಅಂದ್ರ, ಯಾರ ಮಾತೂ ಪೂರಾ ನಂಬಲಿಲ್ಲ, ನಾಕೂ ಬಿತ್ತಿದೆ. ಒಂದು ಎಕರಿ ಟಿಎಸ್-3ಆರ್, ಒಂದು ಎಕರಿ ಜಿಆರ್‌ಜಿ-811, ಅರ್ಧಾ ಎಕರಿ ಮಾಮಾ ಕೊಟ್ಟ ಮಾರುತಿ, ಉಳಿದ ಅರ್ಧಾ ಎಕರಿ ಅಂಗಡಿ ಪಾಕೀಟ. ಒಂದೇ ಹೊಲ, ಒಂದೇ ದಿನ ಬಿತ್ತಿಗಿ, ಒಂದೇ ಗೊಬ್ಬರ. ಗಣಿತದಾಕಿ ಅಲ್ಲೇನ್ರಿ, ಲೆಕ್ಕ ಇಟ್ಟೀನಿ.

ಬೀಜ ತಂದ ಕಥಿ ಮೊದಲು. ಟಿಎಸ್-3ಆರ್ ನಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರದಾಗ ಸಬ್ಸಿಡಿಗಿ ಸಿಕ್ತು, ಆಧಾರ್ ಪಹಣಿ ಎಲ್ಲಾ ಒಯ್ದಿದ್ದೆ ಆದ್ರ ಫ್ರೂಟ್ಸ್ ಐಡಿ, ಅಂದ್ರ ರೈತರ ಹೆಸರು ಹೊಲ ಸರ್ಕಾರದಾಗ ಹಚ್ಚಿಸಿದ ನಂಬರು, ಮಾಡಿಸಿರ್ಲಿಲ್ಲ, ಅದಕ ಎರಡು ಸಲ ಅಡ್ಡಾಡಬೇಕಾಯ್ತು. ನಿಮ್ಮ ಹೆಸರಿಗಿ ಐಡಿ ಅದನೋ ಇಲ್ಲೋ ಮೇ ತಿಂಗಳದಾಗೇ ನೋಡಕೋರಿ, ಮಿರಗ ಕೂಡಿದ ಮ್ಯಾಲ ಹೋದ್ರ ಪಾಳಿಯೊಳಗ ಅರ್ಧಾ ದಿನ ಹೋಗ್ತದ. ಜಿಆರ್‌ಜಿ-811 ಕಲಬುರಗಿ ಆಳಂದ ರೋಡಿನ ಕೃಷಿ ಸಂಶೋಧನಾ ಕೇಂದ್ರದಿಂದ ತಂದೆ. ಈ ಎರಡೂ ತಳಿ ಹುಟ್ಟಿದ್ದು ಅಲ್ಲೇ ನೋಡ್ರಿ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೈಯಾಗಿನ ಕೇಂದ್ರ ಅದು, ನಮ್ಮ ಮಣ್ಣಿನ್ಯಾಗೇ ಬೆಳಸಿ ನೋಡಿ ಆರಿಸಿದ್ದು. ಅಲ್ಲಿ ಒಬ್ಬರು ಭಾಳ ಸಮಾಧಾನದಿಂದ ಕೂಡಿಸಿ ಮಾತಾಡಿದ್ರು, "ಎರಿ ಏನು ಮಸಾರಿ ಏನು, ಇಳಕಲು ಅದ ಏನು, ಹಿಂದ ಏನು ಬೆಳಿತಿದ್ರಿ, ಗಿಡ ಒಣಗ್ತಿದ್ದವೇನು" ಇಷ್ಟು ಕೇಳಿ ಆಮ್ಯಾಲ ಬೀಜದ ಮಾತು ತಗದ್ರು. ಅಂಗಡ್ಯಾಂವ ಇದ್ರಾಗ ಒಂದೂ ಕೇಳಿರ್ಲಿಲ್ಲ.

ಆ ಅಂಗಡಿ ಹೆಸರು ಹೇಳೋದಿಲ್ಲ. ಪಾಕೀಟಿನ ರೇಟು ಸರ್ಕಾರಿ ಬೀಜದ ಎರಡೂವರಿ ಪಟ್ಟು, ಮ್ಯಾಲ ಗೊಂಚಲ ಗೊಂಚಲ ಕಾಯಿ ಹಿಡಿದ ಫೋಟೋ, ಬಿಲ್ ಕೇಳಿದ್ರ "ಅಕ್ಕೋರ, ನಿಮಗೂ ಬಿಲ್ಲಾ" ಅಂತ ಬಿಳಿ ಚೀಟಿ ಮ್ಯಾಲ ರೊಕ್ಕ ಬರದು ಕೊಟ್ಟ. ಅಷ್ಟಕ್ಕೇ ಎದ್ದು ಬರಬೇಕಾಗಿತ್ತು, ಬರ್ಲಿಲ್ಲ. ಹನ್ನೆರಡು ಕ್ವಿಂಟಲ್ ಅನ್ನೋದು ಕಿವಿಯೊಳಗ ಕುಂತುಬಿಟ್ಟಿತ್ತು, ಆಸಿ ಯಾರಿಗಿ ಬಿಟ್ಟದ.

ಚೀಲದ ಬಾಯಿಗಿ ಹೊಲದಿರ್ತಾರಲ್ಲ ಚೀಟಿ, ಅದರ ಬಣ್ಣ ನೋಡಲಿಕ್ಕ ಕಲೀರಿ. ನೀಲಿ ಇದ್ರ ಪ್ರಮಾಣಿತ ಬೀಜ, ಸರ್ಟಿಫೈಡ್ ಅಂತಾರಲ್ಲ ಅದು, ಬಿಳಿ ಇದ್ರ ಮೂಲ ಬೀಜ, ಬಂಗಾರದ ಹಳದಿ ಇದ್ರ ತಳಿ ಮಾಡಿದೋರ ಕೈಯಾನ ಬ್ರೀಡರ್ ಬೀಜ. ಹಸರ ಚೀಟಿ ಅಂದ್ರ ಮಾರೋ ಕಂಪನಿಯಂವ ತಾನೇ ಇದು ಚೊಲೋ ಅದ ಅಂತ ಬರಕೊಂಡಿದ್ದು, ಅದು ಕೆಟ್ಟದ್ದೇ ಅಂತಲ್ಲ, ಹೊರಗಿನೋರು ಯಾರೂ ನೋಡಿ ಸಿಕ್ಕಾ ಒತ್ತಿಲ್ಲ ಅಷ್ಟೇ. ಪ್ರಮಾಣಿತ ತೊಗರಿ ಬೀಜ ನೂರಕ್ಕ 75 ಮೊಳಕಿ ಬರಬೇಕು, ಶುದ್ಧತಾ 98 ಇರಬೇಕು, ಇದು ನಿಯಮ. ನನ್ನ ಪಾಕೀಟಿಗಿ ಹಸರ ಚೀಟಿ ಇತ್ತು, ಟಿಎಸ್ ಚೀಲಕ್ಕ ನೀಲಿ.

ಬಿತ್ತೋ ಮುಂಚೆ ನೂರು ಕಾಳಿನ ಪರೀಕ್ಷಾ ಮಾಡೀನಿ. ಹಳೀ ಪೇಪರ್ ನೀರಾಗ ತೊಯ್ಸಿ, ಅದರ ಮ್ಯಾಲ ಹತ್ತು ಸಾಲು ಹತ್ತು ಕಾಳು ಇಟ್ಟು, ಚಾಪಿ ಸುತ್ತಿದಂಗ ಸುತ್ತಿ, ಅಡಿಗಿ ಮನಿ ಮೂಲ್ಯಾಗ ತಾಟಿನೊಳಗ ನಿಂದ್ರಿಸಿ ದಿನಾ ಜರಾ ನೀರು ಚಿಮುಕಿಸೋದು. ಐದನೇ ದಿನಕ್ಕ ಬಿಚ್ಚಿ ನೋಡಿದ್ರ ಟಿಎಸ್-3ಆರ್ 88, ಜಿಆರ್‌ಜಿ 91, ಮಾಮಾನ ಮಾರುತಿ 83, ಪಾಕೀಟ 61. ಪಾಕೀಟಿನ ಕಾಳಿನ್ಯಾಗ ಕೆಲವು ಮೊಳಕಿ ಒಡಿಯೋ ಬದಲಿ ಬೂಸಲು ಹಿಡದು ಮೆತ್ತಗ ಆಗಿದ್ದವು, ಬೆರಳಿಲೆ ಒತ್ತಿದ್ರ ಪಿಚಕ್ ಅಂದು ಹುಳಿ ವಾಸನಿ. ನನ್ನ ಸಣ್ಣ ಮಗಳು "ಮಮ್ಮಿ, ಇದು ಫೇಲ್ ಆಗ್ಯಾದ" ಅಂದಳು. ಇಲ್ಲ ಕಂದಾ, 35 ಬಂದ್ರ ಪಾಸು, ಆದ್ರ ಬೀಜದ ಸಾಲಿಯೊಳಗ 75 ಬೇಕು ಅಂದೆ. ಅಂಗಡಿಗಿ ತಿರುಗಿ ಒಯ್ದ್ರ ತಗೊಳ್ಳಲಿಲ್ಲ, ಬಿಲ್ ಎಲ್ಲದ ಅಂದ. ಅದಕ್ಕ ಆ ಅರ್ಧಾ ಎಕರಿಗಿ ಬೀಜ ಜಾಸ್ತಿ ಹಾಕಿ ಬಿತ್ತಬೇಕಾಯ್ತು.

ಬೀಜೋಪಚಾರ ಅಂತಾರ, ಇದನ್ನ ಬಿಡಲೇಬ್ಯಾಡ್ರಿ, ಖರ್ಚು ಅಂಬೋದೇ ಇಲ್ಲ. ಕಿಲೋ ಬೀಜಕ್ಕ 4 ಗ್ರಾಂ ಟ್ರೈಕೋಡರ್ಮಾ ಅನ್ನೋ ರೋಗ ತಡಿಯೋ ಚೊಲೋ ಬೂಸಲು, ಜತಿಗಿ ಬೇರಿಗಿ ಸಾರಜನಕ ಹಿಡಿಯೋ ರೈಜೋಬಿಯಂ, ರಂಜಕ ಕರಗಸೋ ಪುಡಿ. ಬೆಲ್ಲದ ನೀರು ಆರಿಸಿ, ಗೋಣಿ ತಟ್ಟಿನ ಮ್ಯಾಲ ಬೀಜ ಹರವಿ, ನೀರು ಚಿಮುಕಿಸಿ, ಪುಡಿ ಉದುರಿಸಿ ಎರಡೂ ಕೈಲೆ ಮೆಲ್ಲಗ ಹೊಳ್ಳಿಸಬೇಕು, ತಿಕ್ಕಬಾರದು, ಸಿಪ್ಪಿ ಸುಲೀತದ. ಕಾಳಿಗೆಲ್ಲಾ ಕರಿ ಅಂಗಿ ತೊಡಿಸಿದಂಗ ಆಗ್ತದ. ನೆಳ್ಳಾಗ ಆರಿಸಿ ಅವತ್ತೇ ಬಿತ್ತಬೇಕು. ಮರುದಿನ ಸಾಲಿಗಿ ಹೋದಾಗ ಉಗುರು ಕರ್ರಗ ಇದ್ದವು, ಹೆಡ್ ಮಾಸ್ತರು ಮೆಹಂದಿ ಏನ್ರಿ ಅಂದ್ರು.

ಬಿತ್ತಿದ್ದು ಜೂನ್ 30, ಐತವಾರ. ಸಾಲಿಂದ ಸಾಲಿಗಿ ನಾಕು ಫೂಟು, ಎಕರಿಗಿ ಒಂದು ಚೀಲ ಡಿಎಪಿ. ಮಾಮಾಗ ಸಾಲಿನ ನಡುವ ಅಷ್ಟು ಜಾಗ ಬಿಟ್ಟಿದ್ದು ನೋಡಿ ಹೊಟ್ಟಿ ಉರೀತು, "ಇಲ್ಲಿ ಎತ್ತಿನ ಬಂಡಿ ಓಡಸ್ತೀರೇನ್ ಅಕ್ಕೋರ" ಅಂದ. ಅಕ್ಟೋಬರಿನಾಗ ಅದೇ ಜಾಗ ಟೊಂಗಿ ಟೊಂಗಿ ತೆಕ್ಕಿ ಬಿದ್ದು ಮುಚ್ಚಿಹೋಗಿತ್ತು.

ಈಗ ಒಂದೊಂದೇ ಬೀಜದ ಮಾತು.

ಮಾರುತಿ. ಇದು ಹಳೀ ಹುಲಿ. ಹೈದರಾಬಾದ್ ಬಾಜೂಕಿರೋ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಬೆಳಿ ಸಂಶೋಧನಾ ಸಂಸ್ಥಾದ ಐಸಿಪಿ-8863 ಅನ್ನೋದು, ಕರ್ನಾಟಕದಾಗ 1986ರಾಗ ಬಿಡುಗಡಿ ಆಗಿದ್ದು, ಆವಾಗ ಗಿಡ ಒಣಗಿಸೋ ನೆಟಿ ರೋಗಕ್ಕ ಇದೇ ಮದ್ದು ಅಂತ ಮನಿಮನಿಗಿ ಹೋತು. ಅಪ್ಪನೂ ಇದನ್ನೇ ಬಿತ್ತಿದ್ದ, ಇದರ ರೊಕ್ಕದಾಗೇ ನಾ ಟಿಸಿಎಚ್ ಓದೀನಿ, ಬೈಲಿಕ್ಕ ಮನಸ್ಸು ಬರೋದಿಲ್ಲ. ಆದ್ರ ಮಾಮಾ ಕೊಟ್ಟಿದ್ದು ಮಾರುತಿ ಅನ್ನೋ ಹೆಸರಷ್ಟೇ. ಯಾಕಂದ್ರ ತೊಗರಿ ಹೂವಿಗಿ ಜೇನು ಹುಳ ಬರ್ತಾವ, ಈ ಹೊಲದ ಪುಡಿ ಆ ಹೊಲಕ್ಕ ಒಯ್ತಾವ, ತನ್ನಷ್ಟಕ್ಕ ತಾ ಫಲ ಕಟ್ಟೋ ಕಡ್ಲಿ ಹೆಸರಿನಂಗ ಅಲ್ಲ ಇದು. ಇಪ್ಪತ್ತು ವರ್ಷ ಮನ್ಯಾಗಿನ ಬೀಜನೇ ತಿರುಗಿ ತಿರುಗಿ ಬಿತ್ತಿದ್ರ ಸುತ್ತಲಿನ ಹೊಲದ ತಳಿ ಎಲ್ಲಾ ಕಲತುಬಿಟ್ಟಿರ್ತದ. ಹೊಲದಾಗ ಕಂಡೇ ಕಾಣಸ್ತಿತ್ತು, ಒಂದು ಗಿಡ ಎದಿ ಎತ್ತರ, ಒಂದು ತಲಿ ಮ್ಯಾಲ, ಒಂದರಾಗ ಹಳದಿ ಹೂವು, ಒಂದರಾಗ ಕೆಂಪು ಗೆರಿ ಹೂವು, ಒಂದು ಕಾಯಿ ಕಟ್ಟಿದ್ರ ಇನ್ನೊಂದು ಮೊಗ್ಗಿನಾಗೇ.

ಮತ್ತ ನೆಟಿ. ಅಕ್ಟೋಬರ್ ಕೊನಿಗಿ ಒಂದು ಐತವಾರ ಹೋದ್ರ ಮಾರುತಿ ಪಟ್ಟಿನಾಗ ಅಲ್ಲೊಂದು ಇಲ್ಲೊಂದು ಗಿಡ ಎಲಿ ಜೋಲು ಬಿಟ್ಟು ನಿಂತಾವ, ನೀರಿಲ್ಲದಂಗ, ಆದ್ರ ಬುಡದಾಗ ಹಸಿ ಅದ. ಕಾಂಡದ ಮ್ಯಾಲ ಬುಡದಿಂದ ಮ್ಯಾಲಕ ಒಂದು ನೇರಳಿ ಪಟ್ಟಿ ಏರಿತ್ತು. ಮಾಮಾ ಸೊಂಟದಾನ ಚಾಕು ತಗದು ಕಾಂಡ ಉದ್ದಕ ಸೀಳಿದ, ಸಿಪ್ಪಿ ಒಳಗ ಕರಿ ಗೆರಿ, ಪೆನ್ಸಿಲಿಲೆ ಗೀಚಿದಂಗ, ಒಂದರ ಬಾಜೂಕ ಒಂದು. "ನೋಡ್ರಿ, ಇದರ ನರದಾಗೇ ಕಟಗೊಂಡದ, ನೀರು ಮ್ಯಾಲ ಏರೋದಿಲ್ಲ" ಅಂದ. ಫ್ಯುಸೇರಿಯಂ ಅನ್ನೋ ಬೂಸಲು, ಮಣ್ಣಾಗೇ ಇರ್ತದ, ಕೊಳಿ ಕಟಿಗಿಯೊಳಗ ವರ್ಷಗಟ್ಲೆ ಜೀವ ಹಿಡದು ಕುಂದರ್ತದ, ಔಷಧ ಹೊಡದ್ರ ಹೋಗೋದಿಲ್ಲ. 2022ರ ಹಂಗಾಮಿನ್ಯಾಗ ನಮ್ಮ ಜಿಲ್ಲಾದಾಗ ಇದೇ ನೆಟಿ ಬಂದು ಕಾಯಿ ಕಟ್ಟಿದ ಹೊಲ ಹೊಲನೇ ಒಣಗಿ ಸರ್ಕಾರ ಪರಿಹಾರ ಕೊಡಬೇಕಾಯ್ತು, ನೆನಪಿರ್ಬೇಕು. ವರ್ಷಾ ವರ್ಷಾ ತೊಗರಿ ಮ್ಯಾಲ ತೊಗರಿನೇ ಬಿತ್ತಿದ್ರ ಇದಕ್ಕ ಹಬ್ಬ. ನನ್ನ ಪಾಲಿನಂವ ಹನ್ನೊಂದು ವರ್ಷ ಅದನ್ನೇ ಮಾಡಿದ್ದ. ಮಾರುತಿ ಅರ್ಧಾ ಎಕರಿಗಿ ಬಂದಿದ್ದು 1 ಕ್ವಿಂಟಲ್ 60 ಕಿಲೋ. ಮಾಮಾ ಮುಖ ನೋಡಿ ನಾ ಏನೂ ಅನ್ನಲಿಲ್ಲ. ಎರಡು ಸ್ಟಾರು, ಅದೂ ಅಪ್ಪನ ಸಲ್ಯಾಕ.

ಪಾಕೀಟ. ಜಾಸ್ತಿ ಬರಿಯಂಗಿಲ್ಲ. ಸಾಲಿನ ನಡುವ ಹಲ್ಲು ಬಿದ್ದ ಬಾಯಿ ಹಂಗ ಸಂದು ಸಂದು. ಎದ್ದ ಗಿಡ ಎತ್ತರ ಬೆಳದು ಬೆಳದು ಕಾಯಿ ಕಟ್ಟೋದು ಮರತವು, ತಡವಾಗಿ ಹೂವು ಬಿಟ್ಟವು, ಅಷ್ಟೊತ್ತಿಗಿ ಎರಿ ಬಿರಿತು, ಹಸಿ ಹೋತು. 95 ಕಿಲೋ. ಹನ್ನೆರಡು ಕ್ವಿಂಟಲ್ ಅಂದಂವ ಈಗ ನನ್ನ ನೋಡಿದ್ರ ಫೋನಿನ್ಯಾಗ ಮಾತಾಡ್ಲತ್ತಿದ್ದಂಗ ಮಾಡ್ತಾನ. ಸ್ಟಾರ್ ಇಲ್ಲ.

ಟಿಎಸ್-3ಆರ್. ಇದರ ಮ್ಯಾಲ ನನ್ನ ಜೀವ ಕುಂತದ, ಯಾಕ ಅಂತ ಹೇಳ್ತೀನಿ. ನೆಟಿ ರೋಗ ತಡೀತದ, ಅದು ಒಂದು. ಎರಡನೇದು, ಜಲ್ದಿ ಬರ್ತದ, 150ರಿಂದ 160 ದಿನಕ್ಕ. ನಮ್ದು ಮಳಿ ನಂಬಿದ ಹೊಲ, ಬಾವಿ ಇಲ್ಲ ಬೋರ್ ಇಲ್ಲ, ಅಕ್ಟೋಬರ್ ಮಳಿ ಹೋದ ಮ್ಯಾಲ ಎರಿ ಹಿಡಕೊಂಡ ಹಸಿ ಎಷ್ಟು ದಿನವೋ ಅಷ್ಟೇ ದಿನ. ಜಲ್ದಿ ಬರೋ ತಳಿ ಆ ಹಸಿ ಹೋಗೋದರೊಳಗ ಕಾಳು ತುಂಬಿಸ್ಕೋತದ. ಇನ್ನೊಂದು ಇಪ್ಪತ್ತು ಮೂವತ್ತು ದಿನ ಜಾಸ್ತಿ ತಗೊಳ್ಳೋವು ಇರ್ತಾವ, ಬದನಾಪುರದ ಬಿಎಸ್‌ಎಂಆರ್-736 ಇರಲಿ, 1993ರ ಆಶಾ ಇರಲಿ, ಅವೆರಡೂ ನೆಟಿ ಮತ್ತ ಹೂವು ಬಿಡದಂಗ ಮಾಡೋ ಗೊಡ್ಡು ರೋಗ ಎರಡಕ್ಕೂ ಗಟ್ಟಿ ತಳಿ ಖರೆ, ಆದ್ರ ನೀರಿದ್ದೋರಿಗಿ ಆಳ ಭೂಮಿ ಇದ್ದೋರಿಗಿ ಚೊಲೋ, ನನ್ನಂಥಾಕಿಗಿ ಕೊನಿಗಿ ಕೈ ಕೊಡ್ತಾವ ಅಂತ ನಾ ಅವನ್ನ ತರ್ಲೇ ಇಲ್ಲ. ಮೂರನೇದು ಖರೇ ಕಾರಣ: ನನ್ನ ತಪ್ಪು ತಾಳ್ತು. ಎರಡನೇ ಎಡಿ ಹೊಡಸೋದು ಹತ್ತು ದಿನ ತಡ ಆಯ್ತು, ಸಾಲಿಯೊಳಗ ಟ್ರೇನಿಂಗ್ ಇತ್ತು, ಹೊಲ ಕಸ ತುಂಬಿ ಗಿಡ ಹುಡುಕಬೇಕಾದಂಗ ಆಗಿತ್ತು. ಹಂಗಾದ್ರೂ ಕಸ ತಗದ ಒಂದು ವಾರಕ್ಕ ಎದ್ದು ನಿಂತವು.

ಕುಡಿ ಚಿವುಟೋದು ಅಂತ ಅದ, ಬಿತ್ತಿ 45-50 ದಿನಕ್ಕ ಗಿಡದ ತುದಿ ಎರಡು ಇಂಚು ಮುರಿಯೋದು, ಆವಾಗ ಬಾಜೂಕ ಟೊಂಗಿ ಒಡದು ಕಾಯಿ ಜಾಸ್ತಿ ಹಿಡೀತಾವ. ನಂಗ ಲೆಕ್ಕ ಬರೋಬ್ಬರಿ ಆಗಸ್ಟ್ 15ಕ್ಕ ಬಂತು, 46ನೇ ದಿನ. ಸಾಲಿಯೊಳಗ ಝಂಡಾ ಏರಿಸಿ, ಪೇಢೆ ಹಂಚಿ, ಅದೇ ಬಿಳಿ ಸೀರಿ ಮ್ಯಾಲ ಹೊಲಕ್ಕ ಹೋದೆ, ಇಬ್ಬರು ಮಕ್ಕಳು ಮತ್ತ ನಾಕು ಮಂದಿ ಕೂಲಿ ಹೆಣ್ಮಕ್ಕಳು. ಸಂಜಿತನಕ ಚಿಟ್ ಚಿಟ್ ಚಿಟ್. ಹಾದ್ಯಾಗ ಹೋಗೋರೆಲ್ಲಾ ನಿಂತು "ಹುಲಸಾಗಿ ಬೆಳದ ಬೆಳಿ ಕುತ್ತಿಗಿ ಮುರೀಲತ್ತಾರ ನೋಡು" ಅಂದ್ರು. ಬ್ಯಾಟರಿ ಮಶೀನ್ ಸುದ್ದಾ ಬಂದಾವ ಈಗ, ಎಕರಿ ಎರಡು ಎಕರಿಗಿ ಕೈನೇ ಸಾಕು.

ಟಿಎಸ್-3ಆರ್‌ಗೂ ಒಂದು ಕೊರತಿ ಅದ, ಮುಚ್ಚಿಡೋದಿಲ್ಲ. ಗೊಡ್ಡು ರೋಗ ತಡಿಯೋದಿಲ್ಲ. ಗೊಡ್ಡು ಬಂದ ಗಿಡ ಸಾಯೋದಿಲ್ಲ, ಅದೇ ಮೋಸ, ಎಲಿ ಸಣ್ಣ ಸಣ್ಣ ತಿಳಿ ಹಸರ ಆಗಿ ಪೊದಿ ಹಂಗ ದುಂಡಗ ಬೆಳೀತದ, ನೋಡಲಿಕ್ಕ ಚಂದ, ಹೂವೇ ಬಿಡೋದಿಲ್ಲ. ನಾ ಹುಚ್ಚಿ, ಅಂಥಾ ಒಂದು ಗಿಡ ನೋಡಿ ಇದು ಎಷ್ಟು ಸೊಂಪಾಗಿ ಬೆಳದದ ಅಂತ ಫೋಟೋ ಹೊಡಕೊಂಡು ಸ್ಟೇಟಸ್ ಇಟ್ಟಿದ್ದೆ, ಮಾಮಾನ ಮಗ ನೋಡಿ ಫೋನ್ ಮಾಡಿದ, "ಅಕ್ಕೋರ, ಮೊದಲು ಅದನ್ನ ಕಿತ್ತು ಹೂಳ್ರಿ". ಕಣ್ಣಿಗಿ ಕಾಣದಂಥಾ ನುಸಿ ಇದನ್ನ ಗಿಡದಿಂದ ಗಿಡಕ್ಕ ಒಯ್ತದಂತ. ಒಟ್ಟು ಮೂವತ್ತು ನಲವತ್ತು ಗಿಡ ಕಿತ್ತೀವಿ. ಕೊಯ್ದಿದ್ದು ಡಿಸೆಂಬರ್ 8ಕ್ಕ, ಒಂದು ಎಕರಿಗಿ 5 ಕ್ವಿಂಟಲ್ 40 ಕಿಲೋ. ನಾಕೂವರಿ ಸ್ಟಾರು.

ಜಿಆರ್‌ಜಿ-811. ಲೆಕ್ಕದಾಗ ಇದೇ ಗೆದ್ದಿದ್ದು, 6 ಕ್ವಿಂಟಲ್ 10 ಕಿಲೋ. ನೆಟಿ ತಡೀತದ, ಗೊಡ್ಡಿಗೂ ಟಿಎಸ್‌ಗಿಂತ ಗಟ್ಟಿ, ಆ ಪಟ್ಟಿನಾಗ ಕಿತ್ತಿದ್ದು ಐದಾರು ಗಿಡ ಅಷ್ಟೇ. ಟೊಂಗಿ ಅಗಲ ಹರವತದ, ಇಕ್ಕಟ್ಟಾಗಿ ಬಿತ್ತಿದ್ರ ಕೆಡ್ತದ. ಹಂಗಾದ್ರ ಇದಕ್ಕ ಯಾಕ ಐದು ಕೊಡಲಿಲ್ಲ ಅಂತೀರಿ. ನನ್ನ ಹೊಲದಾಗ ಇದು ಟಿಎಸ್‌ಗಿಂತ ಹತ್ತು ಹನ್ನೆರಡು ದಿನ ಹಿಂದ ಬಂತು, ಆಳು ಸಿಗದಕ್ಕ ಮತ್ತ ಮೂರು ದಿನ ನನ್ನಿಂದ ತಡ, ಆ ದಿನದಾಗ ಕಾಯಿ ಕೊರಕ ಹುಳದ ಕೂಡ ಒಂದು ಜಗಳ ಜಾಸ್ತಿ ಆಡಬೇಕಾಯ್ತು. ಮತ್ತ ಸೆಪ್ಟೆಂಬರ್ ಮೊದಲ ವಾರದ ಆ ಮಳಿ ನೆನಪದಲ್ಲ, ಐತವಾರ ಸೋಮವಾರ ಬಿಡದಂಗ ಹೊಡೀತು, ಜಿಆರ್‌ಜಿ ಪಟ್ಟಿನ ತಗ್ಗ ಮೂಲ್ಯಾಗ ನೀರು ನಿಂತು ನಾ ಗಂಡ ಇಬ್ಬರೂ ಸಲಿಕಿ ಹಿಡಕೊಂಡು ಕಾಲುವಿ ತೋಡಿದ್ವಿ, ಆದ್ರೂ ಆ ಮೂಲ್ಯಾಗ ಗಿಡ ಸತ್ತವು. ಅದು ತಳಿ ತಪ್ಪಲ್ಲ, ತೊಗರಿ ಬೇರಿಗಿ ನಿಂತ ನೀರು ಯಾವ ತಳಿಗೂ ಆಗೋದಿಲ್ಲ, ಇದನ್ನ ಇಳಕಲಿನ ಕಡಿ ಬಿತ್ತಬೇಕಾಗಿತ್ತು. ನಾಕು ಸ್ಟಾರು, ದಿನಾ ಹೊಲಕ್ಕ ಹೋಗೋರು ಇದ್ರ ಐದು ಅಂತೇ ಓದ್ಕೋರಿ.

ಹುಳದ ಮಾತು ಬಂತಲ್ಲ, ಇಲ್ಲಿ ಯಾವ ಬೀಜವೂ ಸಸಾರ ಅಲ್ಲ. ಹಸರ ಹುಳ ನಾಕೂ ಪಟ್ಟಿನಾಗ ಬಂತು, ಹೆಲಿಕೋವರ್ಪಾ ಅಂತಾರ, ತಲಿ ಕಾಯಿ ಒಳಗ ಹಾಕಿ ಅರ್ಧಾ ಮೈ ಹೊರಗ ಬಿಟ್ಟು ಆರಾಮ ಉಣ್ತಿರ್ತದ. ಎಕರಿಗಿ ಎರಡು ಮೋಹಕ ಬಲಿ ಕಟ್ಟಿದ್ದೆ, ಗಂಡು ಚಿಟ್ಟಿ ದಿನಕ್ಕ ಎಷ್ಟು ಬೀಳ್ತಾವ ಅಂತ ಎಣಿಸಿ ಔಷಧದ ಹೊತ್ತು ತಿಳಕೊಳ್ಳೋದು, ಎಣಿಸೋ ಕೆಲಸ ದೊಡ್ಡ ಮಗಳಿಗಿ. ಹೂವಿನ ಹೊತ್ತಿನ್ಯಾಗ ಬೇವಿನ ಕಷಾಯ, ಕಾಯಿಗಿ ಬಂದಾಗ ಎಮಾಮೆಕ್ಟಿನ್ ಅನ್ನೋ ಹುಳದ ಔಷಧ ಲೀಟರಿಗಿ 0.2 ಗ್ರಾಂ. ಹೂವು ಉದರದಂಗ ರಾಯಚೂರು ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಲೀಟರಿಗಿ 10 ಗ್ರಾಂ ಹಾಕಿ ಎರಡು ಸಲ ಹೊಡದೀವಿ. ಇಷ್ಟೆಲ್ಲಾ ಮಾಡಿದ್ರೂ ನಂಗ ಭಾಳ ಹಿಡಿಸಿದ್ದು ನಮ್ಮ ಹಿರ್ಯಾರು ಮಾಡ್ತಿದ್ದ ಝಾಡಿಸೋ ಕೆಲಸ. ಸಾಲಿನ ನಡುವ ತಾಡಪತ್ರಿ ಎಳಕೊಂತ ಹೋಗೋದು, ಇಬ್ಬರು ಎರಡೂ ಕಡಿ ಗಿಡ ಹಿಡದು ಅಲ್ಲಾಡ್ಸೋದು, ಹುಳ ಪಟಪಟ ಅಂತ ತಾಡಪತ್ರಿ ಮ್ಯಾಲ ಬೀಳ್ತಾವ, ಸಣ್ಣ ಆಣೆಕಲ್ಲು ಬಿದ್ದಂಗ ಸಪ್ಪಳ. ಒಂದು ಬುಟ್ಟಿ ತುಂಬಿತ್ತು, ಮಾಮಾನ ಮನಿ ಕೋಳಿಗೋಳಿಗಿ ಅವತ್ತು ಲಗ್ನದ ಊಟ. ಕಲಬುರಗಿ ರೈತರ ಈ ಝಾಡಿಸೋ ಪದ್ಧತಿ ಇಕ್ರಿಸ್ಯಾಟಿನೋರು ಸುದ್ದಾ ಬಂದು ನೋಡಿ ಬರಕೊಂಡು ಹೋಗ್ಯಾರ. ಸಾಲಿನ ನಡುವ ನಾಕು ಫೂಟ್ ಬಿಟ್ಟಿದ್ದು ತಾಡಪತ್ರಿ ಎಳಿಯೋ ಮುಂದ ಎಷ್ಟು ಉಪಯೋಗಕ್ಕ ಬಂತಂದ್ರ, ಮಾಮಾ ಬಾಯಿ ಮುಚಗೊಂಡು ಇನ್ನೊಂದು ತುದಿ ತಾನೇ ಹಿಡದ.

ಎಳ್ಳಮಾವಾಸಿ ಡಿಸೆಂಬರ್ 30ಕ್ಕ ಇತ್ತು. ಸಜ್ಜಿ ರೊಟ್ಟಿ, ಭಜ್ಜಿ, ಕರಿಗಡಬು, ಹೋಳಿಗಿ ಬುತ್ತಿ ಕಟಗೊಂಡು ಎಲ್ಲರೂ ಹೊಲಕ್ಕ ಹೋದ್ವಿ, ಟಿಎಸ್ ರಾಶಿ ಆಗಿ ಚೀಲದಾಗಿತ್ತು, ಜಿಆರ್‌ಜಿ ಬಣವಿ ಒಟ್ಟಿತ್ತು, ಚರಗ ಚೆಲ್ಲೋ ಮುಂದ ಅವ್ವ ಹುಲ್ಲುಲ್ಲಿಗೋ ಸಲಾಂಬ್ರಿಗೋ ಅಂತ ಕೂಗಿ ಕೂಗಿ ಧ್ವನಿ ಕಳಕೊಂಡಳು. ಮಕ್ಕಳು ಮಾರುತಿ ಪಟ್ಟಿನಾಗ ಇನ್ನಾ ಹಸಿ ಉಳಿದಿದ್ದ ಕಾಯಿ ಕಿತ್ತು ಸುಟಗೊಂಡು ತಿಂದ್ರು. ಅದಕ್ಕಾದ್ರೂ ಬಂತಲ್ಲ ಅದು.

ಮಾರಿದ್ದು ಹೇಳದಿದ್ರ ರಿವ್ಯೂ ಅರ್ಧಾ ಆಗ್ತದ. ಆ ವರ್ಷ ಬೆಂಬಲ ಬೆಲಿ ಕ್ವಿಂಟಲಿಗಿ 7,550, ರಾಜ್ಯದೋರು ಮ್ಯಾಲ 450 ಕೊಟ್ರು, ಕೂಡಿ 8,000. ಗಂಜಿನಾಗ ಅಡತಿಯೋರು ಅದಕ್ಕಿಂತ ಕಮ್ಮಿಗಿ ಕೇಳ್ತಿದ್ರು, ಅದಕ್ಕ ಸೊಸೈಟಿಯೊಳಗ ಹೆಸರು ಹಚ್ಚಿ ಕಾದೆ. ಅಲ್ಲಿ ಸುದ್ದಾ ಅದೇ ಫ್ರೂಟ್ಸ್ ಐಡಿ ಕೇಳ್ತಾರ, ಮೇ ತಿಂಗಳದಾಗೇ ಮಾಡಸ್ರಿ ಅಂದಿದ್ದು ಇದಕ್ಕೂ ಸೇರಿಸಿನೇ. ತಳಿ ಮ್ಯಾಲ ರೇಟು ಬ್ಯಾರೆ ಮಾಡಲಿಲ್ಲ, ಹಸಿ ಎಷ್ಟದ, ಹುಳ ತಿಂದಿದ್ದು ಎಷ್ಟದ ಅಷ್ಟು ನೋಡಿದ್ರು. ಪಾಕೀಟಿನ ಕಾಳು ಮಾರಲಿಕ್ಕೇ ಒಯ್ಯಲಿಲ್ಲ, ಮನ್ಯಾಗ ಬ್ಯಾಳಿ ಮಾಡಿಸೀವಿ, ಕುದೀಲಿಕ್ಕ ಎಂಟು ಸೀಟಿ ತಗೋತದ.

ಇನ್ನೊಂದು ಮಾತು ಬರಿಯೋದು ಮರತೆ. ನಾಕೂ ತಳಿ ಒಂದರ ಬಾಜೂಕ ಒಂದು ಬಿತ್ತೀನಲ್ಲ, ಜೇನು ಹುಳ ನನ್ನ ಹೊಲದಾಗೂ ಬಂದಾವ. ಅಂದ್ರ ನನ್ನ ಟಿಎಸ್ ಚೀಲದಾಗಿಂದು ಈಗ ಪೂರಾ ಟಿಎಸ್ ಅಲ್ಲ, ಅದನ್ನ ಬೀಜಕ್ಕ ಇಟಗೊಳ್ಳಲಿಲ್ಲ, ಎಲ್ಲಾ ಮಾರೀನಿ. ಮುಂದಿನ ಸಲಕ್ಕ ಹೊಸಾ ನೀಲಿ ಚೀಟಿನೇ ತರ್ತೀನಿ, ಎರಡು ಎಕರಿ ಟಿಎಸ್-3ಆರ್ ಸಾಲಿನ ನಡುವ ಹೆಸರು ಹಾಕಿ, ಉಳಿದ ಒಂದು ಎಕರಿ ನೆಟಿ ಬಂದ ಜಾಗ ಸೇರಿ ತೊಗರಿ ಬಿಟ್ಟು ಜ್ವಾಳ.

ಜೂನಿನಾಗ ಮಾಮಾ ಸೈಕಲ್ ನಿಂದ್ರಿಸಿ ಕಟ್ಟಿ ಮ್ಯಾಲ ಕುಂತು ಚಾ ಕುಡುದ, ಬೀಜದ ಮಾತು ತಗೀಲಿಲ್ಲ. ಮಳಿ ಮಾತಾಡಿದ, ಮೊಮ್ಮಗನ ಜವಳದ ಮಾತಾಡಿದ. ಹೋಗೋ ಮುಂದ ಸೈಕಲ್ ಏರಿ ಒಂದು ಕಾಲು ನೆಲಕ್ಕ ಊರಿ ಕೇಳಿದ, "ಅಕ್ಕೋರ, ಆ ಪೇಪರಿನ್ಯಾಗ ಕಾಳು ಸುತ್ತಿ ಇಟ್ಟಿದ್ರಲ್ಲ, ಅದು ಕನ್ನಡ ಪೇಪರೇ ಆಗಬೇಕೋ, ಯಾವುದಾದ್ರೂ ನಡೀತದೋ?"